ಪಂದ್ಯಕ್ಕೆ ಮುಂಚಿನ ಸೋಲು

2024ನೆಯ ಇಸವಿಯ ಏಪ್ರಿಲ್ ತಿಂಗಳು. ಕಲಬುರಗಿಯ ಆ ತಿಂಗಳ ಬಿಸಿಲು ಎಂಥದೆಂದು ತಮಗೆ ಹೇಳಬೇಕಾದುದಿಲ್ಲ. ಶಾಲೆಗೆ ಬೇಸಗೆಯ ರಜೆ ಬಂದಿತ್ತು. ಆದರೂ ಫಲಿತಾಂಶದ ಕಾಗದಪತ್ರಗಳ ಕೆಲಸ ಮುಗಿದಿರಲಿಲ್ಲವಾಗಿ ನಾನು ಮುಂಜಾನೆಯ ಬಸ್ಸಿನಲ್ಲಿ ಕಮಲಾಪುರಕ್ಕೆ ಹೊರಟಿದ್ದೆ. ಪಕ್ಕದಲ್ಲಿ ಕುಳಿತವರು ಪರಿಚಿತರು, ಕಮಲಾಪುರದ ಹಿರಿಯರು, ಹರೆಯದಲ್ಲಿ ಕಬಡ್ಡಿ ಆಡಿದವರು. ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿ ನನ್ನ ಕಡೆ ತಿರುಗಿದರು.

"ನಮ್ಮ ಹಾಕಿ ಹುಡುಗ್ರು ಆಸ್ಟ್ರೇಲಿಯಾಕ್ಕ ಹೋಗಿ ಐದಕ್ಕ ಐದೂ ಸೋತಾರಂತಲ್ರೀ ಮಾಸ್ತರ್ರೆ. ಇನ್ನ ಒಲಿಂಪಿಕ್‌ಗೆ ಹೋಗಿ ಏನ್ ಮಾಡೋರದಾರ್ರೀ? ಆ ಖರ್ಚಿನಾಗ ನಾಕು ಊರಿಗೆ ನೀರಾದ್ರೂ ಬರ್ತಿತ್ತು."

ನಾನು ಹೌದೆಂದು ತಲೆಯಾಡಿಸಿದೆ. ಪರ್ತ್ ನಗರದಲ್ಲಿ ನಡೆದ ಆ ಐದು ಪಂದ್ಯಗಳಲ್ಲಿ ಮೊದಲನೆಯದನ್ನೇ 1-5ರಿಂದ ಸೋತಿದ್ದರು. ಪ್ಯಾರಿಸ್ಸಿನ ಒಲಿಂಪಿಕ್ ಕೂಟಕ್ಕೆ ಇನ್ನು ಮೂರೂವರೆ ತಿಂಗಳು ಮಾತ್ರ ಉಳಿದಿತ್ತು; ಅಲ್ಲಿ ಇದೇ ಆಸ್ಟ್ರೇಲಿಯವನ್ನು ಎದುರಿಸಬೇಕಾಗಿತ್ತು. ತಲೆಯಾಡಿಸದೆ ಮತ್ತೇನು ಮಾಡಲಿ?

ಆಗಸ್ಟ್ 2ರಂದು ಅದೇ ಆಸ್ಟ್ರೇಲಿಯವನ್ನು ನಮ್ಮವರು 3-2ರಿಂದ ಗೆದ್ದರು. ಒಲಿಂಪಿಕ್ ಅಂಗಣದಲ್ಲಿ ಭಾರತವು ಆಸ್ಟ್ರೇಲಿಯವನ್ನು ಮಣಿಸಿದ್ದು 1972ರ ಮ್ಯೂನಿಕ್ ಕೂಟದ ತರುವಾಯ ಅದೇ ಮೊದಲು. ಎರಡು ದಿನ ಕಳೆದು, ಬ್ರಿಟನ್ನಿನ ಎದುರು ಒಬ್ಬ ಆಟಗಾರನಿಗೆ ಕೆಂಪು ಚೀಟಿ ತೋರಿಸಿದ್ದರಿಂದ ಪಂದ್ಯದ ಬಹುಭಾಗವನ್ನು ಹತ್ತೇ ಮಂದಿ ಆಡಿ ಉಳಿಸಿಕೊಂಡರು. ಆಗಸ್ಟ್ 8ರಂದು ಸ್ಪೇನನ್ನು 2-1ರಿಂದ ಸೋಲಿಸಿ ಕಂಚಿನ ಪದಕ ತಂದರು. ನಾನು ಬಸ್ಸಿನಲ್ಲಿ ತಲೆಯಾಡಿಸಿದ್ದು ನೆನಪಾಗಿ ನಾಚಿಕೆಯಾಯಿತು. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಪಣದ ದಿನಕ್ಕೆ ಮುಂಚೆ ಬಂದ ಸೋಲು ಆಟಗಾರನಿಗೆ ಏನು ಮಾಡುತ್ತದೆ? ಪಣದ ದಿನಕ್ಕೆ ಮುಂಚೆ ನಾವು ಇಟ್ಟುಕೊಳ್ಳುವ ಆಸೆ ಅವನಿಗೆ ಏನು ಮಾಡುತ್ತದೆ? ಕ್ರೀಡೆಯಲ್ಲಿ ನಾನು ಪಂಡಿತನಲ್ಲ. ಹಳಗನ್ನಡ, ವ್ಯಾಕರಣ, ಛಂದಸ್ಸುಗಳಲ್ಲಿ ಆಯುಷ್ಯ ಕಳೆದವನು. ಆದರೆ ಈ ಪ್ರಶ್ನೆ ಆಟದ ಬಯಲಿನದಷ್ಟೇ ಅಲ್ಲ, ಮಕ್ಕಳಿರುವ ಮನೆಯದೂ ಆಗಿದೆಯಾದುದರಿಂದ ತಮ್ಮ ಮುಂದೆ ಇಡುತ್ತಿದ್ದೇನೆ.

ಇದಕ್ಕೆ ನಮ್ಮ ದೇಶದಲ್ಲಿ ಒಂದು ಹಳೆಯ ದೃಷ್ಟಾಂತವಿದೆ. 1936ರಲ್ಲಿ ಬರ್ಲಿನ್ನಿನಲ್ಲಿ ಒಲಿಂಪಿಕ್ ಕೂಟ. 1928ರಲ್ಲೂ 1932ರಲ್ಲೂ ಹಾಕಿಯ ಚಿನ್ನ ನಮ್ಮದಾಗಿತ್ತು. ಧ್ಯಾನ್ ಚಂದರು ನಾಯಕರು. ತಂಡವು ಬರ್ಲಿನ್ನಿಗೆ ಬಂದಿಳಿದ ಕೆಲವೇ ದಿನಗಳಲ್ಲಿ, ಜುಲೈ 17ರಂದು, ಜರ್ಮನರ ತಂಡವೊಂದರೊಡನೆ ಅಭ್ಯಾಸದ ಪಂದ್ಯ ನಡೆಯಿತು. ಅಭ್ಯಾಸವೆಂದ ಮೇಲೆ ಫಲಿತಾಂಶಕ್ಕೆ ಬೆಲೆಯಿಲ್ಲವೆಂದು ಹೇಳಬಹುದು. ಆದರೆ ನಮ್ಮವರು 4-1ರಿಂದ ಸೋತರು. ಜಗತ್ತಿನಲ್ಲಿ ಯಾರಿಗೂ ಸೋಲದವರೆನಿಸಿಕೊಂಡವರಿಗೆ ಅದು ಸಣ್ಣ ಪೆಟ್ಟಲ್ಲ. ಆ ರಾತ್ರಿ ತಂಡಕ್ಕೆ ನಿದ್ದೆ ಬರಲಿಲ್ಲವೆಂದು ಧ್ಯಾನ್ ಚಂದರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ನಿದ್ದೆಗೆಟ್ಟ ರಾತ್ರಿಯ ಮೇಲೆ ಅವರು ಮಾಡಿದ್ದೇನು ಎಂಬುದನ್ನು ಗಮನಿಸಬೇಕು. ಮುಂಚೂಣಿಯ ಸಾಲಿನಲ್ಲಿ ಬಲ ಸಾಲದೆಂದು ಕಂಡಿತು. ದಾರಾ ಎಂಬ ಆಟಗಾರರನ್ನು ಕೂಡಲೆ ಕಳುಹಿಸಿಕೊಡಿರೆಂದು ಭಾರತಕ್ಕೆ ತಂತಿ ಹೋಯಿತು. ಅವರು ವಿಮಾನದಲ್ಲಿ ಬಂದು ಕೂಡಿಕೊಂಡು ಉಪಾಂತ್ಯದಲ್ಲೂ ಅಂತಿಮ ಪಂದ್ಯದಲ್ಲೂ ಆಡಿದರು. ಅಂತಿಮ ಪಂದ್ಯ ಅದೇ ಜರ್ಮನರೊಡನೆ. ಮಳೆಯಿಂದಾಗಿ ಒಂದು ದಿನ ಮುಂದಕ್ಕೆ ಹೋಗಿ ಆಗಸ್ಟ್ 15ರಂದು ನಡೆಯಿತು. ಸ್ವಾತಂತ್ರ್ಯಕ್ಕೆ ಇನ್ನೂ ಹನ್ನೊಂದು ವರ್ಷವಿದ್ದಾಗ ಆ ತಾರೀಖು ಹೇಗೆ ಬಂದಿತೋ! ಆಟಕ್ಕೆ ಮುಂಚೆ ಉಡುಪಿನ ಕೋಣೆಯಲ್ಲಿ ಪಂಕಜ್ ಗುಪ್ತರು ತ್ರಿವರ್ಣ ಧ್ವಜವನ್ನು ಹೊರತೆಗೆದು ತೋರಿಸಿದರು. ಎಲ್ಲರೂ ವಂದಿಸಿ ಅಂಗಣಕ್ಕೆ ಇಳಿದರು. ಮೊದಲರ್ಧದಲ್ಲಿ ಒಂದೇ ಗೋಲು. ಆಟ ಮುಗಿದಾಗ 8-1.

ಬರ್ಲಿನ್ನಿನಲ್ಲಿ ಸೋಲು ಬಂದದ್ದು ಲೆಕ್ಕ ತೋರಿಸುವ ಗುಮಾಸ್ತನಂತೆ. ಎಲ್ಲಿ ಜಮೆ ಕಡಮೆ, ಎಲ್ಲಿ ಖರ್ಚು ಹೆಚ್ಚು ಎಂದು ಹೇಳಿ ಹೋಯಿತು. ಪರ್ತ್‌ನಲ್ಲಿಯೂ ಹಾಗೆಯೇ. ಆ ಪ್ರವಾಸ ಏರ್ಪಟ್ಟದ್ದೇ ಒಲಿಂಪಿಕ್ಕಿನ ತಯಾರಿಗಾಗಿ. ಐದು ಪಂದ್ಯಗಳ ಅಂಕಗಳನ್ನು ಸಾಲಾಗಿ ಬರೆದು ನೋಡಿರಿ: 1-5, 2-4, 1-2, 1-3, 2-3. ಪತ್ರಿಕೆ ಓದಿದ ನಮಗೆ ಐದು ಸೋಲು ಕಂಡಿತು. ಮೊದಲ ದಿನ ನಾಲ್ಕು ಗೋಲಿನ ಅಂತರವಿದ್ದದ್ದು ಕೊನೆಯ ದಿನ ಒಂದಕ್ಕೆ ಇಳಿದದ್ದು ತಂಡದವರಿಗೆ ಕಂಡಿರಲೇಬೇಕು. ಅವರು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಶಿಬಿರದಲ್ಲಿ ದುಡಿದರು; ಮನಸ್ಸಿನ ತರಬೇತಿಗೆಂದೇ ಪ್ಯಾಡಿ ಅಪ್ಟನ್ ಎಂಬವರು ಜತೆಗಿದ್ದರು. ಪ್ಯಾರಿಸ್ಸಿಗೆ ಹೋಗುವ ಮುಂಚೆ ಮೂರು ದಿನ ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಸಾಹಸಿ ಮೈಕ್ ಹಾರ್ನರ ಬಳಿ ಇದ್ದು ಬಂದರು. ಇದೆಲ್ಲ ನಮ್ಮ ಬಸ್ಸಿನವರೆಗೆ ತಲಪಿರಲಿಲ್ಲ.

ಇನ್ನು ಇದರ ಮಗ್ಗುಲು ಬದಲಿಸಿ ನೋಡೋಣ. ಪಣಕ್ಕೆ ಮುಂಚೆ ಗೆಲುವು ಬಂದರೆ?

1975ರ ಮಾರ್ಚಿಯಲ್ಲಿ ಕೌಲಾಲಂಪುರದಲ್ಲಿ ಭಾರತವು ಹಾಕಿಯ ವಿಶ್ವಕಪ್ಪನ್ನು ಗೆದ್ದಿತು. ನಮ್ಮ ಕೊಡಗಿನ ಬಿ. ಪಿ. ಗೋವಿಂದರು ಆ ತಂಡದಲ್ಲಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್. ಗೋವಿಂದರು ಅಲ್ಲಿಯೂ ಇದ್ದರು. ವಿಶ್ವವಿಜೇತರು ಹೋಗುತ್ತಿದ್ದಾರೆ, ಚಿನ್ನವಲ್ಲದೆ ಮತ್ತೇನು ಎಂಬ ಭಾವನೆ ಊರೂರಲ್ಲಿ. ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. 1928ರಿಂದ ಅದುವರೆಗೆ ಒಂದು ಕೂಟದಲ್ಲಿಯೂ ಹಾಕಿಯ ಪದಕವಿಲ್ಲದೆ ಬರಿಗೈಯಲ್ಲಿ ಬಂದದ್ದಿರಲಿಲ್ಲ. ಇದಕ್ಕೆ ನಿರೀಕ್ಷೆಯ ಭಾರವೊಂದೇ ಕಾರಣವೆಂದರೆ ತಪ್ಪಾದೀತು. ಒಲಿಂಪಿಕ್ಕಿನಲ್ಲಿ ಕೃತಕ ಹುಲ್ಲಿನ ಅಂಗಣವನ್ನು ಮೊದಲು ಹಾಸಿದ್ದು ಅಲ್ಲಿಯೇ. ಮಣ್ಣು ಹುಲ್ಲಿನ ಮೇಲೆ ಕಲಿತ ನಮ್ಮ ಕೈಚಳಕ ಅಲ್ಲಿ ಸಾಗಲಿಲ್ಲ. ಆದರೆ ಕೌಲಾಲಂಪುರದ ಗೆಲುವು ನಮ್ಮ ಕಣ್ಣಿಗೆ ಕಟ್ಟಿದ ಪಟ್ಟಿಯೂ ಆಗಿತ್ತು. ಗೆದ್ದವನ ಲೆಕ್ಕದ ಪುಸ್ತಕವನ್ನು ಯಾರು ತಿರುವಿ ನೋಡುತ್ತಾರೆ?

2012ರದೂ ಇಂಥದೇ ಕಥೆ. ಫೆಬ್ರವರಿಯಲ್ಲಿ ದೆಹಲಿಯ ಅರ್ಹತಾ ಪಂದ್ಯಾವಳಿಯ ಕೊನೆಯಾಟದಲ್ಲಿ ಫ್ರಾನ್ಸನ್ನು 8-1ರಿಂದ ಸೋಲಿಸಿದರು. 2008ರಲ್ಲಿ ಬೀಜಿಂಗಿಗೆ ಅರ್ಹತೆಯೇ ದೊರೆತಿರಲಿಲ್ಲವಾಗಿ ಈ ಸಲದ ಸಂಭ್ರಮ ಹೇಳತೀರದು. ಕೊಡಗಿನ ರಘುನಾಥ್, ಸುನಿಲ್, ಉತ್ತಪ್ಪ ಮೂವರೂ ಆ ತಂಡದಲ್ಲಿದ್ದರೆಂದು ನಮ್ಮ ರಾಜ್ಯದವರಿಗೆ ಮತ್ತಷ್ಟು ಹಿಗ್ಗು. ಲಂಡನ್ನಿನಲ್ಲಿ ಆಡಿದ ಆರು ಪಂದ್ಯಗಳನ್ನೂ ಸೋತು ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಗಿ ಮರಳಿದರು. ಫ್ರಾನ್ಸಿನ ಮೇಲಿನ ಎಂಟು ಗೋಲುಗಳು ಹಾಲೆಂಡ್, ಜರ್ಮನಿಗಳ ಎದುರು ನಮ್ಮ ಬಲವೇನೆಂಬುದನ್ನು ಹೇಳಿರಲಿಲ್ಲ. ಹೇಳಿದಂತೆ ನಾವು ಕೇಳಿಸಿಕೊಂಡಿದ್ದೆವು.

ಹಾಗೆಂದು ಸೋತು ಹೋದವರೆಲ್ಲ ಗೆದ್ದು ಬರುತ್ತಾರೆಂದು ಸೂತ್ರ ಮಾಡಿಕೊಳ್ಳಬೇಡಿರಿ. ಸೋಲು ಮದ್ದಲ್ಲ. ದುರ್ಬಲನಾದವನು ಮುಂಚೆಯೂ ಸೋಲುತ್ತಾನೆ, ಅಂದೂ ಸೋಲುತ್ತಾನೆ. ಅವನಿಗೆ ಸಮಾಧಾನದ ಮಾತು ಹೇಳುವುದರಿಂದ ಕಾಲಿಗೆ ಬಲ ಬಾರದು. ಆದರೆ ಒಬ್ಬನಿಗೇ ಮತ್ತೆ ಮತ್ತೆ ಸೋತವನು ಅವನಿಗೆ ಎಂದೆಂದಿಗೂ ಸೋತವನೇ ಎಂಬ ಎಣಿಕೆಯೂ ನಿಲ್ಲುವುದಿಲ್ಲ. ಪ್ಯಾರಿಸ್ಸಿನ ಈಟಿ ಎಸೆತದ ದಿನದವರೆಗೆ ಪಾಕಿಸ್ತಾನದ ಅರ್ಷದ್ ನದೀಂ ನಮ್ಮ ನೀರಜ್ ಚೋಪ್ರಾರನ್ನು ಒಮ್ಮೆಯೂ ಮೀರಿಸಿರಲಿಲ್ಲ. ಅಂದು 92.97 ಮೀಟರು ಎಸೆದರು. ನೀರಜರದೂ ಕಡಮೆಯ ಎಸೆತವೇನಲ್ಲ, 89.45, ಆದರೆ ಅವರ ಆರು ಎಸೆತಗಳಲ್ಲಿ ಐದು ತಪ್ಪು ಎಸೆತಗಳಾದುವು. ಟೋಕಿಯೋದಲ್ಲಿ ಚಿನ್ನ ಗೆದ್ದಾತನ ಮೇಲೆ ಒಂದು ದೇಶವೇ ಕಣ್ಣು ನೆಟ್ಟು ಕುಳಿತಿತ್ತು ಎಂಬುದನ್ನು ಮರೆಯಲಾಗದು.

ಈ ಕಣ್ಣು ನೆಡುವುದರ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಅದು ಸೋಲಿಗಿಂತಲೂ ದೊಡ್ಡ ವಿಷಯ.

ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠದ ಸ್ಪರ್ಧೆ ಇರುತ್ತದೆ. ಮೂವತ್ತು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುವ ಹುಡುಗನನ್ನು ವೇದಿಕೆಗೆ ಹತ್ತಿಸುತ್ತೇವೆ. ನಾಲ್ಕನೆಯ ಪದ್ಯದಲ್ಲಿ ಎದುರಿಗೆ ಕುಳಿತ ಮುಖ್ಯೋಪಾಧ್ಯಾಯರನ್ನು ನೋಡುತ್ತಾನೆ, ಮುಂದಿನ ಮಾತು ಯಾವುದೆಂದು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ನಾಲಗೆಗೆ ದಾರಿ ಗೊತ್ತಿತ್ತು. ಮನಸ್ಸು ನಡುವೆ ಬಂದು ದಾರಿ ಕೇಳಿದ್ದರಿಂದ ನಾಲಗೆ ನಿಂತಿತು. ಸಾವಿರ ಸಲ ಎಸೆದ ತೋಳು, ಸಾವಿರ ಸಲ ಗುರಿಯಿಟ್ಟ ಬೆರಳು, ಇವುಗಳ ಗತಿಯೂ ಇದೇ. ನಮ್ಮ ಗುರಿಕಾರರು 2019ರ ವಿಶ್ವಕಪ್ ಪಂದ್ಯಾವಳಿಗಳಲ್ಲಿ ಪದಕಗಳನ್ನು ರಾಶಿ ಹಾಕಿದರು. ಟೋಕಿಯೋಕ್ಕೆ ಹದಿನೈದು ಮಂದಿ ಹೋದರು. ಒಂದು ಪದಕವೂ ಬರಲಿಲ್ಲ. ಮನು ಭಾಕರ್ ಎಂಬ ಹುಡುಗಿಯ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟುಹೋಗಿ, ಆಕೆ ಕಣ್ಣೀರಿಡುತ್ತ ಹೊರಬಂದಳು. ಮೂರು ವರ್ಷಗಳ ಮೇಲೆ ಪ್ಯಾರಿಸ್ಸಿನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದು, ತಾನು ಗೀತೆಯನ್ನು ಓದುತ್ತಿದ್ದುದಾಗಿಯೂ ಫಲವನ್ನು ಬಿಟ್ಟು ಕೆಲಸದ ಮೇಲೆ ಮನಸ್ಸಿಟ್ಟುದಾಗಿಯೂ ಹೇಳಿದಳು. ಗೀತೆಯ ಮೇಲೆ ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇನೆ, ನಾನೂ ಕೊಟ್ಟಿದ್ದೇನೆ. ಪಿಸ್ತೂಲು ಹಿಡಿದು ಅದನ್ನು ಪರೀಕ್ಷೆಗೆ ಒಡ್ಡಿದವರನ್ನು ಕಂಡದ್ದು ಅದೇ ಮೊದಲು.

ಭಾರತದ ಮಾತು ಬಂದುದರಿಂದ ವಿರಾಟಪರ್ವದ ಉತ್ತರಕುಮಾರನನ್ನು ನೆನೆಯಬೇಕು. ಅವನನ್ನು ನೋಡಿ ನಗುವುದು ನಮಗೆ ರೂಢಿ. ಅಂತಃಪುರದ ಹೆಂಗಳೆಯರ ನಡುವೆ ಕೊಚ್ಚಿಕೊಂಡ. ಉತ್ತರೆಯೋ ಕೌರವರ ವಸ್ತ್ರಗಳನ್ನು ತನ್ನ ಬೊಂಬೆಗಳಿಗೆ ತಾ ಎಂದು ಮುಂಚೆಯೇ ಬೇಡಿಕೆ ಇಟ್ಟಳು. ಯುದ್ಧವೇ ಆಗಿಲ್ಲ, ಗೆಲುವಿನ ಬಟ್ಟೆ ಹಂಚಿಕೆಯಾಗಿದೆ! ಸೇನೆಯನ್ನು ಕಂಡೊಡನೆ ಅವನು ರಥದಿಂದ ಹಾರಿ ಓಡಿದ. ಆದರೆ ಅದೇ ಹುಡುಗ ಅದೇ ಬಯಲಿನಲ್ಲಿ, ಅದೇ ಸೇನೆಯ ಎದುರಿಗೆ, ಅರ್ಜುನನಿಗೆ ಸಾರಥಿಯಾಗಿ ಕುದುರೆಗಳನ್ನು ನಡೆಸಿದ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಗೆಲ್ಲುವ ಹೊರೆ ತಲೆಯಿಂದ ಇಳಿದಿತ್ತು. ಹಿಡಿಯಲು ಕೈಯಲ್ಲಿ ಲಗಾಮು ಇತ್ತು.

ಕರ್ಣನ ಪಾಡು ಬೇರೆ. ಅವನಿಗೆ ಕೈಯಲ್ಲಿ ಬಲವಿತ್ತು, ಎದುರಿಗೆ ಶಲ್ಯನಿದ್ದ. ಶಲ್ಯ ರಥವನ್ನು ಚೆನ್ನಾಗಿಯೇ ಹೊಡೆದ, ಹೊಡೆಯುತ್ತ ಹೊಡೆಯುತ್ತ ನೀನೆಲ್ಲಿ ಅರ್ಜುನನೆಲ್ಲಿ ಎಂದು ಹಳಿದ. ತೇಜೋವಧೆಯೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾನು ಹುಡುಗರಿಗೆ ಹೇಳಿದ್ದಿಲ್ಲ. ಸೋತವನನ್ನು ಹಳಿಯುವ ನಾವು ಶಲ್ಯರು. ಆಡದವನ ಕೊರಳಿಗೆ ಹಾರ ಹಾಕುವ ನಾವು ಅಂತಃಪುರದವರು. ಒಂದೇ ತಿಂಗಳಲ್ಲಿ ಎರಡೂ ವೇಷ ಹಾಕುತ್ತೇವೆ.

ನಿರೀಕ್ಷೆಯೇ ಇಲ್ಲದಾಗ ಏನಾಗುತ್ತದೆಂಬುದಕ್ಕೂ ನಮ್ಮ ನಾಡಿನಲ್ಲಿ ನಿದರ್ಶನವಿದೆ. ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರಲ್ಲಿ ಆಂಟ್‌ವರ್ಪಿಗೆ ಹೋಗಿ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಬಂದರು. ಅಂದು ಅವರಿಗಾಗಿ ರೇಡಿಯೋ ಮುಂದೆ ಕುಳಿತವರಿಲ್ಲ, ರೇಡಿಯೋ ಎಲ್ಲಿತ್ತು? ಅದು ಹೋಗಲಿ, ಇತ್ತೀಚಿನ ಮಾತು ಹೇಳುತ್ತೇನೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋಕ್ಕೆ ಹೋದಾಗ ಗಾಲ್ಫ್ ಆಟಗಾರ್ತಿಯರ ಜಾಗತಿಕ ಪಟ್ಟಿಯಲ್ಲಿ 200ನೆಯವರು. ಕೆಲವೇ ವಾರಗಳ ಹಿಂದೆ ಕೋವಿಡ್ ಬಂದು, ಚೆಂಡನ್ನು ದೂರ ಹೊಡೆಯುವ ಶಕ್ತಿ ಕುಗ್ಗಿತ್ತು. ಆಟದ ಸಾಮಾನಿನ ಚೀಲ ಹೊತ್ತು ಜತೆಗೆ ನಡೆದವರು ಅವರ ತಾಯಿ. ಯಾರ ಕಣ್ಣೂ ಅವರ ಮೇಲಿರಲಿಲ್ಲ. ಮೂರು ದಿನಗಳ ಆಟ ಮುಗಿದಾಗ ಅವರು ಎರಡನೆಯ ಸ್ಥಾನದಲ್ಲಿದ್ದರು! ನಾಲ್ಕನೆಯ ದಿನ, 2021ರ ಆಗಸ್ಟ್ 7, ಶನಿವಾರ ಮುಂಜಾನೆ, ಗಾಲ್ಫ್ ಎಂದರೇನೆಂದು ತಿಳಿಯದ ಲಕ್ಷಾಂತರ ಮಂದಿ ನಸುಕಿನಲ್ಲೆದ್ದು ಕುಳಿತರು. ನಾನೂ ಕುಳಿತಿದ್ದೆ, ಹೊಡೆತ ಕಡಮೆಯಾದಷ್ಟೂ ಒಳ್ಳೆಯದೆಂಬುದು ತಿಳಿಯಲು ನನಗೆ ಅರ್ಧ ಗಂಟೆ ಹಿಡಿಯಿತು. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕದ ಸಾಲಿನಿಂದ ಹೊರಗುಳಿದು ನಾಲ್ಕನೆಯವರಾದರು. ಮುಂದೆ ಪ್ಯಾರಿಸ್ಸಿಗೆ ಹೋದಾಗ ಅವರ ಹೆಸರು ಎಲ್ಲರ ಬಾಯಲ್ಲಿತ್ತು. ಸ್ಥಾನ 29ಕ್ಕೆ ಇಳಿಯಿತು. ನಿರೀಕ್ಷೆಯಿಂದಲೇ ಇಳಿದರೆಂದು ನಾನು ಹೇಳಲಾರೆ. ಗಾಲ್ಫ್ ಆಟದಲ್ಲಿ ಗಾಳಿಯೂ ಒಬ್ಬ ಎದುರಾಳಿ. ಆದರೆ ತಾಯಿಯೊಡನೆ ನಡೆಯುತ್ತ ಆಡುವ ಹುಡುಗಿಯ ಹೆಗಲಿಗೂ, ದೇಶದ ಪದಕವನ್ನು ಹೊತ್ತಿದ್ದಾಳೆಂದು ಎಲ್ಲರೂ ಹೇಳುವ ಹುಡುಗಿಯ ಹೆಗಲಿಗೂ ಭೇದವಿಲ್ಲವೆ?

ಇಷ್ಟು ಹೇಳಿದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಗ ಕಮಲಾಪುರ ತಾಲೂಕಾಗಿರಲಿಲ್ಲ. ಗುಲಬರ್ಗಾ ತಾಲೂಕಿಗೇ ಸೇರಿತ್ತು. ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ. ತಂದೆಗೆ ಕೆಂಪು ಬಾಳೆಯ ತೋಟ. ಹುಡುಗಿ 800 ಮೀಟರು ಓಡುತ್ತಿದ್ದಳು. ವಲಯ ಮಟ್ಟದಲ್ಲೂ ತಾಲೂಕು ಮಟ್ಟದಲ್ಲೂ ಹಿಂದೆ ಬರುವವರ ಹೆಜ್ಜೆಯ ಸಪ್ಪಳ ಕೇಳದಷ್ಟು ಮುಂದೆ ಬಂದಳು. ನನಗೆ ಹಿಗ್ಗು ತಡೆಯಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಅವಳನ್ನು ಮುಂದೆ ನಿಲ್ಲಿಸಿ, ಜಿಲ್ಲೆಯ ಬಹುಮಾನ ನಮ್ಮ ಶಾಲೆಗೇ ಬಂದಂತೆ, ಮುಂದೆ ರಾಜ್ಯ, ಅದರ ಮುಂದೆ ದೇಶ ಎಂದು ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಪಿ. ಟಿ. ಉಷಾರ ಹೆಸರನ್ನೂ ಎತ್ತಿದೆ. 1984ರಲ್ಲಿ ನೂರರಲ್ಲೊಂದು ಕ್ಷಣದಿಂದ ಕಳೆದುಕೊಂಡ ಪದಕವನ್ನು ಈಕೆ ತರುವಳೆಂದೆ. ಊರಿನಲ್ಲಿ ಚಂದಾ ಎತ್ತಿ ಬೂಟು ಕೊಡಿಸಿದೆವು. ಹೊಸ ಬೂಟು, ಅವಳು ಅದುವರೆಗೆ ಬರಿಗಾಲಲ್ಲಿ ಓಡಿದವಳು. ದೈಹಿಕ ಶಿಕ್ಷಕರು ಏನೋ ಹೇಳಬಂದರು, ನಾನು ಕೇಳಲಿಲ್ಲ.

ಜಿಲ್ಲಾ ಕ್ರೀಡಾಕೂಟ ನಗರದ ಕ್ರೀಡಾಂಗಣದಲ್ಲಿ. ಅವಳ ತಂದೆ ಗೆಲುವಿನ ಹಣ್ಣು ಹಂಚಬೇಕೆಂದು ಒಂದು ಗೊನೆ ಕೆಂಪು ಬಾಳೆಯನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದರು. ಹುಡುಗಿ ಮೊದಲ ಸುತ್ತನ್ನು ನೂರು ಮೀಟರಿನ ಓಟದಂತೆ ಓಡಿದಳು. ಎರಡನೆಯ ಸುತ್ತಿನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಅವಳನ್ನು ದಾಟಿದರು. ಏಳನೆಯವಳಾಗಿ ಬಂದು ಹುಲ್ಲಿನ ಮೇಲೆ ಕುಳಿತುಬಿಟ್ಟಳು. ಏನಾಯಿತಮ್ಮಾ ಎಂದರೆ, "ಓಡೋ ಮುಂದ ದಾರೀನೇ ಕಾಣ್ಲಿಲ್ರೀ ಸರ್, ನಿಮ್ಮ ಮಾರೀನೇ ಕಾಣ್ತಿತ್ತು" ಎಂದಳು.

ತಂದೆ ಒಂದು ಮಾತು ಆಡಲಿಲ್ಲ. ಗೊನೆಯ ಕಟ್ಟು ಬಿಚ್ಚಿ, ಓಡಿದ ಅಷ್ಟೂ ಹುಡುಗಿಯರಿಗೆ, ಗೆದ್ದವಳಿಗೂ ಸೇರಿಸಿ, ಹಣ್ಣು ಹಂಚಿದರು. "ದಣದಾವ್ರೀ ಕೂಸುಗಳು" ಎಂದರು ಅಷ್ಟೆ. ಕಮಲಾಪುರದ ಕೆಂಪು ಬಾಳೆಗೆ ಬೇರೆ ಬಾಳೆಗಿಂತ ಹೆಚ್ಚು ಕಾಲ ಬೇಕು. ಅದನ್ನು ಬೆಳೆದವರಿಗೆ ಕಾಯುವುದು ಗೊತ್ತು. ನನಗೆ ಗೊತ್ತಿರಲಿಲ್ಲ. ಹುಡುಗಿ ಮತ್ತೆ ಯಾವ ಓಟಕ್ಕೂ ಹೆಸರು ಕೊಡಲಿಲ್ಲ. ಕಾಲೇಜಿನಲ್ಲಿಯೂ ಓಡಲಿಲ್ಲವೆಂದು ಆಮೇಲೆ ತಿಳಿಯಿತು. ಅವಳು ಉಷಾ ಆಗುತ್ತಿದ್ದಳೆಂದು ನಾನು ಹೇಳುವುದಿಲ್ಲ. ಇನ್ನೈದಾರು ವರ್ಷ ಸಂತೋಷದಿಂದ ಓಡುತ್ತಿದ್ದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸೋಲು ಅವಳನ್ನು ನಿಲ್ಲಿಸಲಿಲ್ಲ. ಅವಳೊಬ್ಬಳದೇ ಸೋಲಾಗಿದ್ದರೆ ಅಳುತ್ತ ಮನೆಗೆ ಹೋಗಿ ಮರುದಿನ ಬಯಲಿಗೆ ಬರುತ್ತಿದ್ದಳು. ಆದರೆ ಅಂದು ಶಾಲೆ ಸೋತಿತು, ಊರು ಸೋತಿತು, ಚಂದಾ ಕೊಟ್ಟವರು ಸೋತರು, ಇಪ್ಪತ್ತು ನಿಮಿಷದ ನನ್ನ ಭಾಷಣ ಸೋತಿತು. ಹದಿನೈದು ವರ್ಷದ ಕೂಸು ಅಷ್ಟು ಜನರ ಸೋಲನ್ನು ಎಲ್ಲಿಡಬೇಕು?

2028ರಲ್ಲಿ ಲಾಸ್ ಏಂಜಲೀಸಿನ ಕೂಟ. ಅದಕ್ಕೆ ಮುಂಚೆ ನಮ್ಮವರು ಎಲ್ಲೆಲ್ಲಿಯೋ ಸೋಲುತ್ತಾರೆ, ಆ ವರದಿ ತಮ್ಮ ಮನೆಯ ರೇಡಿಯೋದಲ್ಲಿ ಬರುತ್ತದೆ. ಆಗ ಎಷ್ಟರಿಂದ ಸೋತರು, ಯಾರಿಗೆ ಸೋತರು, ಹಿಂದಿನ ಸಲಕ್ಕಿಂತ ಅಂತರ ಹೆಚ್ಚಿತೋ ತಗ್ಗಿತೋ ಎಂದು ಕೇಳಿ ನೋಡಿರಿ. ಗೆದ್ದ ವರದಿ ಬಂದರೂ ಇದೇ ಪ್ರಶ್ನೆಗಳನ್ನು ಕೇಳಬಹುದು. ಮನೆಯ ಮಗ ತಿಂಗಳ ಪರೀಕ್ಷೆಯಲ್ಲಿ ಕಡಮೆ ಅಂಕ ತಂದಾಗಲೂ ಕೇಳಬಹುದು.

ಈ ವರ್ಷ ಜೂನ್ ತಿಂಗಳಲ್ಲಿ ಆ ಹುಡುಗಿ, ಈಗ ಗೃಹಿಣಿ, ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಶಾಲೆಗೆ ಬಂದಿದ್ದಳು. ಅರ್ಜಿಗೆ ಸಹಿ ಮಾಡಿ, ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, "ಇಕೀನೂ ಓಡ್ತಾಳ್ರೀ ಸರ್. ಆದ್ರ ಪ್ರಾರ್ಥನಾದಾಗ ಏನೂ ಹೇಳಬ್ಯಾಡ್ರಿ" ಎಂದಳು. ಆಗಲಮ್ಮಾ ಎಂದೆ. ವಲಯ ಮಟ್ಟದಲ್ಲಿ ಮಗಳು ಮೂರನೆಯವಳಾಗಿ ಬಂದಳು. ದೈಹಿಕ ಶಿಕ್ಷಕರು ಒಂದು ನೂರು ಹಾಳೆಯ ಪುಸ್ತಕದಲ್ಲಿ ಅವಳ ಎರಡು ಸುತ್ತುಗಳ ವೇಳೆಯನ್ನು ಬೇರೆ ಬೇರೆಯಾಗಿ ಬರೆದಿಟ್ಟಿದ್ದಾರೆ; ಎರಡನೆಯ ಸುತ್ತು ಮೊದಲನೆಯದಕ್ಕಿಂತ ಆರು ಸೆಕೆಂಡು ನಿಧಾನ. ಸಂಜೆ ಬಸ್ಸಿಗೆ ಕಾಯುವಾಗ ಅವಳು ಬಯಲಿನಲ್ಲಿ ಸುತ್ತು ಹಾಕುವುದು ಕಾಣುತ್ತದೆ. ನಾನು ಬಸ್ಸಿನ ಕಡೆಗೇ ನೋಡುತ್ತಿರುತ್ತೇನೆ.